ಇದಕ್ಕೆ ಹೈಪೊ ಯಾವುದು? ಗೋಧಿ ಸಸಿಯಲ್ಲಿ ಬೆಳೆದ ಅಜ್ಜಿ ಮನೆಯ ಫೋಟೊ

ನವನಗರ_ಸ್ಟುಡಿಯೊ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನದಿಂದ ಓದಿ.

ನಮ್ಮ ಅಪ್ಪ ಹಳೇ ಬಾಗಲಕೋಟೆಯಲ್ಲಿ ಸ್ಟುಡಿಯೊ ಇಟ್ಟಿದ್ದರು. ಆಲಮಟ್ಟಿ ಹಿನ್ನೀರು ಬರುತ್ತೆ, ಮನೆ ಬಿಡಬೇಕು ಅಂತ ಖಾತ್ರಿ ಆದ ಮೇಲೆ ಜನ ಅಪ್ಪನನ್ನು ಕರೆದುಕೊಂಡು ಹೋಗಿ ತಮ್ಮ ತಮ್ಮ ಮನೆ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಆ ನೆಗೆಟಿವ್‌ಗಳೆಲ್ಲ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ನಮ್ಮ ಅಟ್ಟದ ಮೇಲಿವೆ. ಅದರಲ್ಲಿ ಒಂದು ನಮ್ಮ ಅಜ್ಜಿಯದು. ಕಿಲ್ಲಾ ಓಣಿಯ ಮನೆ, ಕಟ್ಟೆ ಮೇಲೆ ಅಜ್ಜಿ ನಿಂತಿದ್ದಾಳೆ, ಇಳಕಲ್ ಸೀರೆ, ತಲೆ ತುಂಬ ಸೆರಗು. ಈಗ ಆ ಮನೆ ಇಲ್ಲ, ಅಜ್ಜಿಯೂ ಇಲ್ಲ.

ಈ ಶ್ರಾವಣದಲ್ಲಿ ಆ ಫೋಟೊವನ್ನು ಗೋಧಿ ಸಸಿಯ ಮೇಲೆ ಬೆಳೆಸಿದೆ. ಹೌದು, ಬೆಳೆಸಿದೆ. ಕಾಗದ ಇಲ್ಲ, ಶಾಯಿ ಇಲ್ಲ.

ಇದು ನಾನು ಕಂಡುಹಿಡಿದಿದ್ದಲ್ಲ. ಇಂಗ್ಲೆಂಡಿನ ಹೀದರ್ ಆಕ್ರಾಯ್ಡ್ ಮತ್ತು ಡ್ಯಾನ್ ಹಾರ್ವಿ ಅನ್ನುವ ಇಬ್ಬರು ಕಲಾವಿದರು 1990ರಲ್ಲಿ ಇಟಲಿಯಲ್ಲಿ ಒಂದು ಕೋಣೆಯ ಗೋಡೆಗೆ ಹುಲ್ಲು ಬೆಳೆಸಿದ್ದರು. ಅದಕ್ಕೆ ಒಂದು ಏಣಿ ಒರಗಿಸಿ ಇಟ್ಟಿತ್ತು. ಏಣಿ ಎತ್ತಿದಾಗ ಅದರ ಗುರುತು ಹುಲ್ಲಿನಲ್ಲೇ ಹಳದಿಯಾಗಿ ಮೂಡಿತ್ತು. ಆ ಏಣಿಯಿಂದಲೇ ಅವರ ಕೆಲಸ ಶುರುವಾಯಿತು. ಕತ್ತಲೆ ಕೋಣೆಯಲ್ಲಿ ಹುಲ್ಲು ಮೊಳೆಸಿ, ಅದರ ಮೇಲೆ ನೆಗೆಟಿವ್ ಬೆಳಕು ಬಿಟ್ಟು ಆಳೆತ್ತರದ ಫೋಟೊ ಬೆಳೆಸುತ್ತಾರೆ. ಸ್ಪೇನಿನ ಅಲ್ಮುದೇನಾ ರೊಮೇರೊ ಅನ್ನುವವರೂ ಎಳೆ ಸಸಿಗಳ ಮೇಲೆ ತಮ್ಮ ಮನೆತನದ ಹಳೇ ಫೋಟೊಗಳನ್ನು ಹೀಗೇ ಬೆಳೆಸಿದ್ದಾರೆ. 2021ರಲ್ಲಿ ಫ್ರಾನ್ಸಿನ ಆರ್ಲ್ ಫೋಟೊ ಉತ್ಸವದಲ್ಲಿ ಅವರ ಕೆಲಸ ಇತ್ತು. ಮನೆತನದ ಫೋಟೊ ಅಂತ ಓದಿದ ಕೂಡಲೇ ನನಗೆ ಅಟ್ಟದ ಡಬ್ಬಿ ನೆನಪಾಯಿತು.

ನಾನು ಮಾಡಿದ್ದು ಹೀಗೆ. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಪ್ಲೈವುಡ್ ಹಲಗೆ. ಅದಕ್ಕೆ ಗೋಣಿತಟ್ಟು ಬಿಗಿದು, ಎರೆಮಣ್ಣನ್ನು ಕಲಸಿ ಮೆತ್ತಿದೆ. ಒಂದೂವರೆ ಕೆಜಿ ಗೋಧಿ ರಾತ್ರಿ ನೆನೆ ಹಾಕಿ, ಬೆಳಗ್ಗೆ ಕಾಳಿಗೆ ಕಾಳು ತಾಗುವ ಹಾಗೆ ಒತ್ತಿದೆ. ಅಪ್ಪನ ಹಳೇ ಡಾರ್ಕ್‌ರೂಮಿನಲ್ಲಿ ಮೂರು ದಿನ ಮಲಗಿಸಿ ಇಟ್ಟು, ಬೇರು ಗೋಣಿಗೆ ಹಿಡಿದ ಮೇಲೆ ಹಲಗೆ ಎತ್ತಿ ನಿಲ್ಲಿಸಿದೆ. ಕತ್ತಲಲ್ಲಿ ಬಂದ ಸಸಿ ಬೆಣ್ಣೆ ಬಣ್ಣ. ಅವ್ವ ನೋಡಿ "ಇದು ನವರಾತ್ರಿ ಘಟದ ಸಸಿ ಅಲ್ವಾ" ಅಂದಳು. ಅದೇ, ಬೇರೆ ಏನೂ ಅಲ್ಲ.

ಆಮೇಲೆ ಮದುವೆ ವೀಡಿಯೊಗೆ ಬಳಸುವ ಪ್ರೊಜೆಕ್ಟರ್ ಇಟ್ಟು ದಿನಕ್ಕೆ 12 ತಾಸು, ಐದು ದಿನ ಬೆಳಕು ಬಿಟ್ಟೆ. ಮೊದಲ ಸಲ ಮಾಮೂಲಿ ಫೋಟೊ ಬಿಟ್ಟು ಕೆಡಿಸಿದ್ದೆ. ಬೆಳಕು ಜಾಸ್ತಿ ಬಿದ್ದ ಕಡೆ ಸಸಿ ಹಸಿರಾಗುತ್ತೆ, ಅಂದರೆ ಕಪ್ಪಾಗಿ ಕಾಣುತ್ತೆ. ಹಾಗಾಗಿ ಬಿಳಿ ಗೋಡೆ ಕಪ್ಪಾಗಿ, ಬಾಗಿಲ ಒಳಗಿನ ಕತ್ತಲೆ ಬೆಳ್ಳಗಾಗಿ ಎಲ್ಲ ತಿರುಗಾಮುರುಗಾ ಆಯಿತು. ಎರಡನೇ ಸಲ ಅಪ್ಪನ ನೆಗೆಟಿವ್ ಇದ್ದ ಹಾಗೇ ಬಿಟ್ಟೆ. ಸರಿಯಾಗಿ ಬಂತು.

ಐದನೇ ದಿನ ಸಂಜೆ ಪ್ರೊಜೆಕ್ಟರ್ ಆರಿಸಿ ಜೀರೊ ಬಲ್ಬ್ ಹಾಕಿದಾಗ ಅಜ್ಜಿ ನಿಂತಿದ್ದಳು. ಹತ್ತಿರ ಹೋದರೆ ಬರೀ ಸಸಿ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅಜ್ಜಿ. ಸೆರಗಿನಲ್ಲಿ ನೇಯ್ದ ತೆನೆ ವಿನ್ಯಾಸ ಕೂಡ ಗೊತ್ತಾಗುತ್ತಿತ್ತು, ಒಂದೊಂದು ತೆನೆಗೆ ಐದಾರು ಎಲೆ, ತುದಿ ಹಳದಿ, ಪಕ್ಕದ್ದು ಹಸಿರು.

ಅಪ್ಪ ಬಹಳ ಹೊತ್ತು ಸ್ಟೂಲ್ ಮೇಲೆ ಕೂತು ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು: "ಇದಕ್ಕೆ ಹೈಪೊ ಯಾವುದು?"

ಹೈಪೊ ಗೊತ್ತಿಲ್ಲದವರಿಗೆ: ಫಿಲ್ಮ್ ಕಾಲದಲ್ಲಿ ಪ್ರಿಂಟ್ ತೊಳೆದು ಚಿತ್ರ ನಿಲ್ಲಿಸುವ ದ್ರಾವಣ. ಅದಿಲ್ಲದೆ ಹೊರಗೆ ತಂದರೆ ಕಾಗದ ಪೂರ್ತಿ ಕಪ್ಪಾಗುತ್ತೆ. ನನ್ನ ಸಸಿಯ ಕಥೆಯೂ ಅಷ್ಟೇ. ಕೋಣೆಗೆ ಬೆಳಕು ಬಿಟ್ಟರೆ ಹಳದಿ ಜಾಗವೂ ಹಸಿರಾಗಿ ಅಜ್ಜಿ ಮಾಯ. ಇವತ್ತಿಗೆ ಒಂಬತ್ತು ದಿನ. ಆಗಲೇ ಮುಖ ಮಸುಕಾಗಿದೆ. ಅಪ್ಪನಿಗೆ ಏನು ಹೇಳಲಿ?


ಕೃಷ್ಣಾ_ತೀರ (ಜಮಖಂಡಿ)

ತಮ್ಮಾ, ಮೊಬೈಲಿನಲ್ಲಿ ಒಂದು ಒಳ್ಳೆ ಫೋಟೊ ತೆಗೆದಿಡು, ಮುಗೀತು. ನಿಜ ಹೇಳಬೇಕಂದ್ರೆ ಹೋಗುವಂಥದ್ದನ್ನು ಮಾಡುವುದೇ ನನಗೆ ಅರ್ಥ ಆಗಲಿಲ್ಲ. ನಮ್ಮದೂ ಮುಳುಗಡೆ ಊರು. ಒಮ್ಮೆ ಹೋಗಿದೆ, ಮತ್ತೆ ಹೋಗುವುದನ್ನು ಯಾಕೆ ನೋಡಬೇಕು?


ಬೆಳಗಾವಿ_ವಿಜ್ಞಾನ_ಟೀಚರ್

ತಮ್ಮಾ, ಮೊದಲು ಅಭಿನಂದನೆ. ಅಪ್ಪಾಜಿಯವರ ಪ್ರಶ್ನೆ ಎಷ್ಟು ಸರಿಯಾಗಿದೆ ಅಂದರೆ, ಹೈಪೊವನ್ನು ಫೋಟೊಗೆ ತಂದ ಜಾನ್ ಹರ್ಷೆಲ್ಲರೇ ಈ ಪ್ರಶ್ನೆಗೆ ಸಿಕ್ಕಿಕೊಂಡಿದ್ದರು. ಬೆಳ್ಳಿಯ ಲವಣ ಹೈಪೊದಲ್ಲಿ ಕರಗುತ್ತೆ ಅಂತ ಅವರು 1819ರಲ್ಲೇ ಕಂಡುಕೊಂಡಿದ್ದರು. 1839ರಲ್ಲಿ ಫೋಟೊ ಬಂದಾಗ ಚಿತ್ರ ನಿಲ್ಲಿಸಲು ಅದನ್ನೇ ಬಳಸಿ ಅಂದರು. ಅದೇ ಮನುಷ್ಯ 1842ರಲ್ಲಿ ಹೂವಿನ ರಸ, ಎಲೆಯ ರಸ ಕಾಗದಕ್ಕೆ ಬಳಿದು ಬಿಸಿಲಲ್ಲಿ ಚಿತ್ರ ಮಾಡಿದ ಪ್ರಯೋಗ ಪ್ರಕಟಿಸಿದರು. ಆ ಚಿತ್ರಗಳನ್ನು ನಿಲ್ಲಿಸುವ ದ್ರಾವಣ ಮಾತ್ರ ಸಿಗಲಿಲ್ಲ. ಅರಿಶಿನ ಬಿದ್ದ ಸೀರೆಯನ್ನು ತೊಳೆದು ಬಿಸಿಲಿಗೆ ಹಾಕಿದರೆ ಕಲೆ ತಾನೇ ಹೋಗುತ್ತಲ್ಲ, ಅದೇ ಕೆಲಸ ಅಲ್ಲಿ ನಡೆಯುವುದು. ಚಿತ್ರ ಮಾಡಿದ ಬಿಸಿಲೇ ಚಿತ್ರ ಅಳಿಸುತ್ತೆ.

ಸಸಿಯ ವಿಷಯ ಸ್ವಲ್ಪ ಬೇರೆ. ಕತ್ತಲಲ್ಲಿ ಮೊಳೆತ ಗೋಧಿಯಲ್ಲಿ ಪತ್ರಹರಿತ್ತಿನ ಹಿಂದಿನ ಹಂತದ ವಸ್ತು ತಯಾರಾಗಿ ಕಾಯುತ್ತಿರುತ್ತೆ. ಕೊನೆಯ ಒಂದು ಹೆಜ್ಜೆಗೆ ಬೆಳಕೇ ಬೇಕು. ಅದಕ್ಕೇ ಬೆಳಕು ಬಿದ್ದ ಕೆಲವೇ ತಾಸಿನಲ್ಲಿ ಹಸಿರು ಶುರುವಾಗುತ್ತೆ. ಅಂದರೆ ನೀವು ನೋಡಲು ಹಾಕಿದ ಜೀರೊ ಬಲ್ಬ್ ಕೂಡ ಚಿತ್ರವನ್ನು ಸ್ವಲ್ಪ ಸ್ವಲ್ಪ ತಿನ್ನುತ್ತಿದೆ.

ಒಂದು ಉಪಾಯ ಇದೆ. ಹಸಿರು ಜೀರೊ ಬಲ್ಬ್ ಹಾಕಿ. ಈ ಹೆಜ್ಜೆಯನ್ನು ಹೆಚ್ಚಾಗಿ ಮಾಡಿಸುವುದು ಕೆಂಪು ಮತ್ತು ನೀಲಿ ಬೆಳಕು, ಹಸಿರು ಬೆಳಕಿನ ಪರಿಣಾಮ ಕಡಿಮೆ. ಸಸ್ಯಶಾಸ್ತ್ರದವರು ಕತ್ತಲೆ ಕೋಣೆಯಲ್ಲಿ ಸಸಿ ನೋಡಲು ಮಂದ ಹಸಿರು ಬೆಳಕನ್ನೇ ಬಳಸುತ್ತಾರೆ. ಪೂರ್ತಿ ನಿಲ್ಲಲ್ಲ, ನಿಧಾನ ಆಗುತ್ತೆ.

ಇನ್ನೊಂದು. 1914ರಲ್ಲಿ ಹಾನ್ಸ್ ಮೋಲಿಶ್ ಅನ್ನುವ ಸಸ್ಯಶಾಸ್ತ್ರಜ್ಞರು ಒಂದೇ ಎಲೆಯ ಮೇಲೆ ನೆಗೆಟಿವ್ ಇಟ್ಟು ಫೋಟೊ ತೆಗೆದು ತೋರಿಸಿದ್ದರು. ಗಿಡವನ್ನು ಎರಡು ದಿನ ಕತ್ತಲಲ್ಲಿಟ್ಟರೆ ಎಲೆಯ ಪಿಷ್ಟ ಖಾಲಿಯಾಗುತ್ತೆ. ಆಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದ ಕಡೆ ಮಾತ್ರ ಹೊಸ ಪಿಷ್ಟ. ಎಲೆ ಕುದಿಸಿ, ಸ್ಪಿರಿಟ್‌ನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕಿದರೆ ಕಡುನೀಲಿಯಲ್ಲಿ ಮುಖ ಮೂಡುತ್ತೆ. ನಾವು ಶಾಲೆಯಲ್ಲಿ ಕಪ್ಪು ಕಾಗದದ ಪಟ್ಟಿ ಕಟ್ಟಿ ಮಾಡುತ್ತೇವಲ್ಲ, ಅದೇ ಪ್ರಯೋಗ. ಪಟ್ಟಿಯ ಬದಲು ನೆಗೆಟಿವ್ ಇಡಬಹುದು ಅಂತ ನಾನು ಇಷ್ಟು ವರ್ಷ ಪಾಠ ಮಾಡಿಯೂ ಯೋಚಿಸಿರಲಿಲ್ಲ. ಈ ವರ್ಷ ಮಕ್ಕಳ ಕೈಯಲ್ಲಿ ಮಾಡಿಸುತ್ತೇನೆ. (ಸ್ಪಿರಿಟ್ ಇರುವ ಪಾತ್ರೆಯನ್ನು ನೇರ ಉರಿ ಮೇಲೆ ಇಡಬೇಡಿ, ಬಿಸಿನೀರಿನಲ್ಲಿ ಇಳಿಬಿಡಿ.)


ತಿಕೋಟಾ_ದ್ರಾಕ್ಷಿ (ವಿಜಯಪುರ)

ಬೆಳಕು ಮತ್ತು ಹಸಿರಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕಡೆ ಒಣದ್ರಾಕ್ಷಿ ಶೆಡ್ ನೋಡಿದ್ದೀರಲ್ಲ. ಮೇಲೆ ಶೀಟ್, ಸುತ್ತ ಹಸಿರು ಪರದೆ. ಗೊನೆಯನ್ನು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ನೆರಳಿನಲ್ಲಿ ಗಾಳಿಗೆ ಒಣಗಿಸಿದರೆ ಹಸಿರು ಉಳಿಯುತ್ತೆ, ರೇಟೂ ಸಿಗುತ್ತೆ. ನೇರ ಬಿಸಿಲು ಬಿದ್ದರೆ ಕಂದು. ಒಮ್ಮೆ ಪರದೆ ಹರಿದು ಒಂದು ಕಡೆಯ ಜಾಳಿಗೆ ಬಿಸಿಲು ಬಿದ್ದಿತ್ತು. ಹರಿದ ಆಕಾರದಲ್ಲೇ ಮಾಲು ಕಂದು ಆಗಿತ್ತು. ಅದೂ ಒಂದು ಫೋಟೊನೇ ಅಂತ ಈಗ ಅನ್ನಿಸುತ್ತಿದೆ.

ನಿಮ್ಮ ಹೈಪೊಗೆ ಬರುತ್ತೇನೆ. ಕಿತ್ತ ಎಲೆಯ ಮೇಲೆ ಮಾಡುವ ಫೋಟೊಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಬಳಸುತ್ತಾರೆ ಅಂತ ಕೇಳಿದ್ದೇನೆ. ಟೀಚರ್ ಅಕ್ಕಾ, ಇದು ಹೌದಾ? ನಮ್ಮ ಮನೆಯಲ್ಲಿ ಬಳ್ಳಿಗೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ ಅಂತ ಮೈಲುತುತ್ತ ಯಾವಾಗಲೂ ಇರುತ್ತೆ.


ಬೆಳಗಾವಿ_ವಿಜ್ಞಾನ_ಟೀಚರ್

ಹೌದು ಅಣ್ಣಾ. ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಇರುತ್ತೆ, ಅದು ಬೇಗ ಜಾಗ ಬಿಡುತ್ತೆ. ಆ ಜಾಗಕ್ಕೆ ತಾಮ್ರ ಬಂದು ಕೂತರೆ ಹಸಿರು ಸುಲಭವಾಗಿ ಮಾಸುವುದಿಲ್ಲ. ಕಿತ್ತ ಎಲೆಯ ಫೋಟೊದಲ್ಲಿ ಲೆಕ್ಕ ಉಲ್ಟಾ, ಇದನ್ನು ಎಲ್ಲರೂ ಗಮನಿಸಿ. ಅಲ್ಲಿ ಬಿಸಿಲು ಇರುವ ಹಸಿರನ್ನು ಸುಡುತ್ತೆ, ಹಾಗಾಗಿ ನೆಗೆಟಿವ್ ಅಲ್ಲ, ಪಾಸಿಟಿವ್ ಚಿತ್ರವನ್ನೇ ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ಮಾಡಿ ಎಲೆಯ ಮೇಲಿಟ್ಟು ಗಾಜು ಒತ್ತಬೇಕು. ವಿಯೆಟ್ನಾಂನಲ್ಲಿ 1977ರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಬಿನ್ ಡಾನ್ ಅನ್ನುವ ಕಲಾವಿದರು ಯುದ್ಧದಲ್ಲಿ ಸಿಕ್ಕಿಕೊಂಡವರ ಮುಖಗಳನ್ನು ಹೀಗೆ ಎಲೆಗಳ ಮೇಲೆ ತಂದರು. ಆ ಎಲೆಗಳನ್ನು ರೆಸಿನ್‌ನಲ್ಲಿ ಹುದುಗಿಸಿ ಇಟ್ಟಿದ್ದಾರೆ.

ಮೈಲುತುತ್ತ ವಿಷ, ಕೈಗವಸು ಹಾಕಿಕೊಳ್ಳಿ. ಉಳಿದ ನೀರನ್ನು ಬಾವಿ, ಹಳ್ಳದ ಕಡೆ ಚೆಲ್ಲಬೇಡಿ, ಮೀನು ಸಾಯುತ್ತವೆ.


ನವನಗರ_ಸ್ಟುಡಿಯೊ (ಬಾಗಲಕೋಟೆ)

ಎಲ್ಲರಿಗೂ ಧನ್ಯವಾದ. ಹಸಿರು ಬಲ್ಬ್ ಹಾಕಿದೆ ಅಕ್ಕಾ. ಏನಾಯಿತು ಗೊತ್ತಾ? ಹಸಿರು, ಹಳದಿ ಎರಡೂ ಬಣ್ಣ ಹೋಗಿ ಬರೀ ನೆರಳು-ಬೆಳಕು ಉಳಿಯಿತು. ಥೇಟ್ ಅಪ್ಪನ ಬ್ಲಾಕ್ ಅಂಡ್ ವೈಟ್ ಪ್ರಿಂಟಿನ ಹಾಗೆ. ಅಪ್ಪನಿಗೆ ಮೈ ಜುಮ್ಮೆಂದಿತು. ಅದೇ ಕೋಣೆಯಲ್ಲಿ ಅವರು ಬಹಳ ವರ್ಷ ಕೆಂಪು ಬಲ್ಬ್ ಕೆಳಗೆ ಕೆಲಸ ಮಾಡಿದವರು, ಯಾಕಂದರೆ ಪ್ರಿಂಟ್ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ. ಸಸಿಗೆ ಕೆಂಪೇ ಆಗಲ್ಲ, ಹಸಿರು ಪರವಾಗಿಲ್ಲ. "ಬಲ್ಬ್ ಬದಲಾಯಿತು, ಕೋಣೆ ಅದೇ" ಅಂದರು.

ಮೈಲುತುತ್ತದ ಬಗ್ಗೆ ಯೋಚಿಸಿದೆ. ಅಂದರೆ ಹೈಪೊ ಇದೆ, ಆದರೆ ಎಲೆ ಸತ್ತ ಮೇಲೆ. ನನ್ನ ಸಸಿಗಳು ಇನ್ನೂ ಬೆಳೆಯುತ್ತಿವೆ, ದಿನಾ ಒಂದು ಬೆರಳಷ್ಟು ಏರಿ ಚಿತ್ರವನ್ನು ಮೇಲಕ್ಕೆ ಎಳೆಯುತ್ತಿವೆ. ಅಜ್ಜಿ ಉದ್ದ ಆಗುತ್ತಿದ್ದಾಳೆ.

ಜಮಖಂಡಿ ಕಾಕಾ, ನೀವು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಇದೇ ನೆಗೆಟಿವ್‌ನ ಪ್ರಿಂಟ್ ನಮ್ಮ ಹಾಲ್‌ನಲ್ಲಿ ಫ್ರೇಮ್ ಹಾಕಿ ತೂಗು ಹಾಕಿದೆ, ನಾನು ಚಿಕ್ಕವನಿದ್ದಾಗಿನಿಂದ ಅಲ್ಲೇ ಇದೆ. ಅದನ್ನು ನಾವು ಯಾರೂ ನೋಡುವುದಿಲ್ಲ. ದೀಪಾವಳಿಗೆ ಗಾಜು ಒರೆಸುತ್ತೇವೆ, ಅಷ್ಟೇ. ಈ ಸಸಿಗೆ ಅವ್ವ ದಿನಕ್ಕೆ ಮೂರು ಸಲ ನೀರು ಸಿಂಪಡಿಸುತ್ತಾಳೆ. ಪ್ರತಿ ಸಲ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಾಳೆ. ಮೊನ್ನೆ ಒಳಗಿನಿಂದ ಕೂಗಿದಳು: "ಅತ್ತೆಯ ಕಾಲ ಹತ್ತಿರ ಹಿತ್ತಾಳೆ ಕೊಡ ಇದೆ ನೋಡು, ಅದು ನನ್ನ ತವರಿಂದ ತಂದಿದ್ದು." ಆ ಕೊಡ ಹಾಲ್‌ನ ಫೋಟೊದಲ್ಲೂ ಇದೆ. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮನೆ ಬಿಡುವ ಗಡಿಬಿಡಿಯಲ್ಲಿ ಅದು ಎಲ್ಲಿ ಹೋಯಿತು, ಯಾರಿಗೆ ಕೊಟ್ಟೆವು ಅಂತ ಅವ್ವ ಅಪ್ಪ ರಾತ್ರಿ ಹನ್ನೊಂದರವರೆಗೆ ಮಾತಾಡಿದರು. ನಾಳೆ ಇರಲ್ಲ ಅಂತ ಗೊತ್ತಿರುವುದಕ್ಕೇ ಅವರು ಇಷ್ಟು ಗಮನ ಕೊಟ್ಟು ನೋಡಿದ್ದು. ಅದಕ್ಕಾಗಿ ಮಾಡಿದೆ ಕಾಕಾ.


ಮಾಲದಂಡಿ_ಜೋಳ (ವಿಜಯಪುರ)

ನಾನು ಕೃಷಿ ಓದಿದವನು, ಹಿಂಗಾರಿ ಜೋಳವೇ ನನ್ನ ಕೆಲಸ. ಆಕ್ರಾಯ್ಡ್, ಹಾರ್ವಿಯವರ ಕಥೆಯ ಮುಂದಿನ ಭಾಗ ನಮ್ಮ ಹೊಲದ ತನಕ ಬರುತ್ತೆ, ಹೇಳಲೇಬೇಕು.

ಅವರಿಗೂ ನಿಮ್ಮ ಅಪ್ಪಾಜಿಯ ಚಿಂತೆಯೇ ಇತ್ತು. ವೇಲ್ಸ್‌ನ ಅಬರಿಸ್ಟ್ವಿತ್‌ನಲ್ಲಿದ್ದ ಹುಲ್ಲು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಹತ್ತಿರ ಬಾಡಿದರೂ ಹಸಿರು ಬಿಡದ ಒಂದು ಹುಲ್ಲು ಇತ್ತು. ಅದರಲ್ಲಿ ಹಸಿರನ್ನು ಒಡೆಯುವ ದಾರಿಯಲ್ಲಿ ಒಂದು ಕೊಂಡಿ ಕೆಟ್ಟಿರುತ್ತೆ. 1997ರಿಂದ ಕಲಾವಿದರು ಅವರ ಜೊತೆ ಸೇರಿ ಆ ಹುಲ್ಲಿನಲ್ಲಿ ಫೋಟೊ ಬೆಳೆಸಿದರು. ಒಣಗಿದ ಮೇಲೂ ಹಸಿರು ಹಸಿರಾಗೇ ಉಳಿಯುವುದರಿಂದ ಚಿತ್ರ ಬಹಳ ಕಾಲ ಬಾಳುತ್ತೆ. ಬೆಳಕಿನಲ್ಲಿ ಅದೂ ಮಾಸುತ್ತೆ, ಆದರೆ ನಿಧಾನ.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದೆ. ಮೆಂಡೆಲ್ ಬಟಾಣಿಯಲ್ಲಿ ಹಸಿರು ಕಾಳು, ಹಳದಿ ಕಾಳು ಅಂತ ಓದಿದ್ದೀರಲ್ಲ? ಆ ಹಸಿರು ಕಾಳಿನ ಜೀನ್ ಮತ್ತು ಈ ಹುಲ್ಲಿನ ಜೀನ್ ಒಂದೇ ಅಂತ 2007ರಲ್ಲಿ ಗೊತ್ತಾಯಿತು. ಆ ಬಟಾಣಿ ಹಸಿರು ಅಂದರೆ ಹಸಿರು ಒಡೆಯಲಾಗದ ಬಟಾಣಿ, ಅಷ್ಟೇ.

ನಮ್ಮ ಜೋಳದಲ್ಲೂ "ಸ್ಟೇ ಗ್ರೀನ್" ಗುಣ ಅಂತ ಹೇಳುತ್ತೇವೆ. ಆದರೆ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಬಟಾಣಿ, ಹುಲ್ಲಿನಲ್ಲಿ ಎಲೆ ಕೆಲಸ ನಿಲ್ಲಿಸಿದ ಮೇಲೂ ಬಣ್ಣ ಮಾತ್ರ ಉಳಿಯುತ್ತೆ. ಜೋಳದಲ್ಲಿ ಮಳೆ ಇಲ್ಲದೆ ನೆಲ ಬಿರುಕು ಬಿಟ್ಟಾಗಲೂ ಎಲೆ ನಿಜವಾಗಿ ದುಡಿಯುತ್ತಾ ಹಸಿರಾಗಿರುತ್ತೆ, ಕಾಳು ತುಂಬಿಸುತ್ತೆ. ಇಥಿಯೋಪಿಯಾ ಮೂಲದ ಜೋಳದಿಂದ ಆ ಗುಣವನ್ನು ಬೇರೆ ತಳಿಗಳಿಗೆ ತರುವ ಕೆಲಸ ನಡೆದಿದೆ.

ಒಂದು ಎಚ್ಚರಿಕೆ. ಫೋಟೊ ಮುಗಿದ ಮೇಲೆ ಗೋಧಿ ಸಸಿಯನ್ನು ಆಡಿಗೆ ಹಾಕಿದರೆ ತೊಂದರೆ ಇಲ್ಲ, ಬೂಸು ಹಿಡಿದಿರಬಾರದು ಅಷ್ಟೇ. ಆದರೆ ಯಾರಾದರೂ ಜೋಳದಲ್ಲಿ ಮಾಡಿದರೆ ಆ ಎಳೆ ಸಸಿಯನ್ನು ದನಕ್ಕಾಗಲಿ ಆಡಿಗಾಗಲಿ ಹಾಕಬೇಡಿ. ಎಳೆ ಜೋಳದಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಇರುತ್ತೆ, ದನ ಸಾಯುತ್ತೆ. ರೈತರಿಗೆ ಗೊತ್ತು, ಊರಲ್ಲಿ ಬೆಳೆದವರಿಗೆ ಗೊತ್ತಿರಲ್ಲ.


ತಾಂಡಾ_ತೀಜ್ (ವಿಜಯಪುರ)

ಅಣ್ಣಾ, ನಿಮ್ಮ ಪೋಸ್ಟ್ ಓದಿ ನಮ್ಮ ತೀಜ್ ಹಬ್ಬ ಕಣ್ಣ ಮುಂದೆ ಬಂತು. ಶ್ರಾವಣದಲ್ಲಿ ನಮ್ಮ ಲಂಬಾಣಿ ತಾಂಡಾದಲ್ಲಿ ಮದುವೆ ಆಗದ ಹುಡುಗಿಯರು ಬುಟ್ಟಿಯಲ್ಲಿ ಮಣ್ಣು ಗೊಬ್ಬರ ಹಾಕಿ ಗೋಧಿ ಬಿತ್ತುತ್ತೇವೆ. ಒಂಬತ್ತು ದಿನ ಹಾಡು ಹೇಳುತ್ತಾ ನೀರು ಹಾಕುವುದು. ಯಾರ ಬುಟ್ಟಿ ಚೆನ್ನಾಗಿ ಬಂತು ಅಂತ ದಿನಾ ನೋಡುವುದೇ ಕೆಲಸ. ಕೊನೆಯ ದಿನ ಕುಣಿದು, ನೀರಿಗೆ ಬಿಡುತ್ತೇವೆ. ನಮ್ಮ ಅಕ್ಕ ಮದುವೆ ಗೊತ್ತಾದ ವರ್ಷ ಬುಟ್ಟಿ ಬಿಡುವಾಗ ತುಂಬಾ ಅತ್ತಿದ್ದಳು. ಮುಂದಿನ ವರ್ಷ ಅವಳು ಬಿತ್ತುವ ಹಾಗಿರಲಿಲ್ಲ.

ಆ ಬುಟ್ಟಿಯನ್ನು ಇಟ್ಟುಕೊಳ್ಳೋಣ ಅಂತ ಯಾರೂ ಯಾವತ್ತೂ ಕೇಳಿಲ್ಲ. ನೀರಿಗೆ ಬಿಟ್ಟರೇ ಹಬ್ಬ ಪೂರ್ತಿ. ನಿಮ್ಮ ಅಜ್ಜಿಯ ಫೋಟೊವನ್ನೂ ಹಿನ್ನೀರಿಗೇ ಬಿಡಬಹುದಲ್ವಾ ಅಂತ ಅನ್ನಿಸಿತು. ತಪ್ಪು ತಿಳಿಯಬೇಡಿ.


ಕೃಷ್ಣಾ_ತೀರ (ಜಮಖಂಡಿ)

ತಮ್ಮಾ, ಕೊಡದ ಮಾತು ಓದಿದೆ. ನಿಮ್ಮ ಅವ್ವನ ಸಂತೋಷ ನನಗೂ ಸಂತೋಷ. ಆದರೂ ನನ್ನ ಮಾತು ಬಿಡಲ್ಲ. ಸಸಿ ಹೋಗಲಿ, ಮತ್ತೆ ಬೆಳೆಸಬಹುದು. ಆ ಡಬ್ಬಿ ಹೋದರೆ? ಫಿಲ್ಮ್‌ಗಳು ಬಿಸಿಲಿಗೆ ಕಾದ ಅಟ್ಟದ ಮೇಲೆ, ತಗಡಿನ ಡಬ್ಬಿಯಲ್ಲಿ ಇವೆ ಅಂದೆಯಲ್ಲ. ಡಬ್ಬಿ ತೆಗೆದಾಗ ಹುಳಿ ವಾಸನೆ, ವಿನೆಗರ್ ತರಹ ಬರುತ್ತಾ ನೋಡು. ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಅಂತ ಅರ್ಥ, ಸುಕ್ಕಾಗಿ ಮುದುಡುತ್ತೆ, ಒಂದರಿಂದ ಪಕ್ಕದ್ದಕ್ಕೂ ಹತ್ತುತ್ತೆ. ಅವು ನಿಮ್ಮ ಮನೆಯದಷ್ಟೇ ಅಲ್ಲ, ನಮ್ಮೆಲ್ಲರವು. ಮೊದಲು ಅವನ್ನು ಸ್ಕ್ಯಾನ್ ಮಾಡು. ಹುಲ್ಲು ಆಮೇಲೆ.


ನವನಗರ_ಸ್ಟುಡಿಯೊ (ಬಾಗಲಕೋಟೆ)

ಕಾಕಾ, ನಿಮ್ಮ ಮಾತು ಓದಿ ರಾತ್ರಿಯೇ ಅಟ್ಟ ಹತ್ತಿದೆ. ವಾಸನೆ ಬಂತು. ಮೇಲಿನ ಎರಡು ಲಕೋಟೆಗಳಲ್ಲಿ ಜಾಸ್ತಿ. ಒಂದು ಫಿಲ್ಮ್ ಅಂಚು ಹಪ್ಪಳದ ಹಾಗೆ ಅಲೆ ಅಲೆ ಆಗಿದೆ. ಅವೆರಡನ್ನು ಬೇರೆ ತೆಗೆದು, ಉಳಿದವನ್ನು ತಗಡಿನ ಡಬ್ಬಿಯಿಂದ ಕಾಗದದ ಲಕೋಟೆಗೆ ಹಾಕಿ ಕೆಳಗಿನ ತಂಪಾದ ಕೋಣೆಗೆ ತಂದಿದ್ದೇನೆ. ನಿಮ್ಮ ಋಣ ದೊಡ್ಡದು. ಈ ಒಂದು ವಾರದಿಂದ ಅಪ್ಪ ಲೈಟ್‌ಬಾಕ್ಸ್ ಮೇಲೆ ಒಂದೊಂದೇ ಒರೆಸಿ ಕೊಡುತ್ತಾರೆ, ನಾನು ಸ್ಕ್ಯಾನ್ ಮಾಡುತ್ತೇನೆ. ಇಲ್ಲಿಯವರೆಗೆ 64 ಆಗಿವೆ.

ಸಸಿಯ ವಿಷಯ. 17ನೇ ದಿನ ಮುಖ ಪೂರ್ತಿ ಹೋಯಿತು. ಬಾಗಿಲ ಚೌಕಟ್ಟು ಮಾತ್ರ ಇನ್ನೂ ಇತ್ತು, ಕೊಡ ಇದೆಯೋ ಇಲ್ಲವೋ ಅನ್ನುವ ಹಾಗೆ. ಅವ್ವನೇ ಕಿಟಕಿ ತೆಗೆದಳು, ನಾನು ಹೇಳಿರಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಹಲಗೆ ತುಂಬ ಒಂದೇ ಹಸಿರು. ತಂಗಿ, ನೀವು ಹೇಳಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಭಾನುವಾರ ಗೋಣಿತಟ್ಟನ್ನು ಸುತ್ತಿ ಹಿನ್ನೀರಿನ ದಂಡೆಗೆ ತೆಗೆದುಕೊಂಡು ಹೋದೆವು. ನೀರು ಏರಿತ್ತು. ಕಿಲ್ಲಾ ಯಾವ ದಿಕ್ಕಿಗೆ ಅಂತ ಅಪ್ಪ ಕೈ ತೋರಿಸಿದರು. ಗೋಣಿ ನೀರಿಗೆ ಬೇಡ ಅಂತ ಸಸಿ ಮಾತ್ರ ಹಿಡಿ ಹಿಡಿಯಾಗಿ ಕಿತ್ತು ಬಿಟ್ಟೆವು. ಸ್ವಲ್ಪ ದೂರ ತೇಲಿ ಹೋಯಿತು. ಉಳಿದಿದ್ದು ಪಕ್ಕದ ಮನೆ ಆಡಿಗೆ ಹಾಕಿದೆವು.

ವಾಪಸ್ ಬರುವಾಗ ಅಪ್ಪ ಹೈಪೊ ಬಗ್ಗೆ ಮಾತಾಡಲಿಲ್ಲ. ಮುಂದೆ ಯಾರ ಮನೆ ಬೆಳೆಸುತ್ತೀ ಅಂತ ಕೇಳಿದರು.

ಅದಕ್ಕೇ ನಿಮ್ಮೆಲ್ಲರ ಸಹಾಯ ಬೇಕು. 37ನೇ ಲಕೋಟೆಯ ಮೇಲೆ ಅಪ್ಪನ ಕೈಬರಹದಲ್ಲಿ "ಹೊಸಪೇಟೆ, ಬೇವಿನ ಮರ" ಅಂತ ಇದೆ (ನಮ್ಮ ಹಳೇ ಊರಿನ ಓಣಿ), ಹೆಸರಿಲ್ಲ. ಎರಡಂಕಣದ ಮನೆ, ಮುಂದೆ ದೊಡ್ಡ ಬೇವಿನ ಮರ, ಮರದ ಬುಡಕ್ಕೆ ಕಟ್ಟಿದ ಕಟ್ಟೆ. ಒಬ್ಬ ಅಜ್ಜ, ಇಬ್ಬರು ಹುಡುಗಿಯರು. ಚಿಕ್ಕವಳ ಕೈಯಲ್ಲಿ ಆಡಿನ ಮರಿ. ಯಾರಿಗಾದರೂ ಗುರುತು ಸಿಕ್ಕರೆ ಇಲ್ಲೇ ಬರೆಯಿರಿ. ಸ್ಕ್ಯಾನ್ ಮಾಡಿದ ಪ್ರತಿ ನಿಮಗೆ ಕೊಡುತ್ತೇನೆ, ದುಡ್ಡು ಬೇಡ. ಸಸಿ ಬಂದ ಮೇಲೆ ಮನೆಯವರೇ ಬಂದು ನೀರು ಹಾಕುವುದಾದರೆ ಕೋಣೆಯ ಬಾಗಿಲು ತೆಗೆದೇ ಇರುತ್ತೆ. ಗೋಧಿ ಇವತ್ತು ರಾತ್ರಿ ನೆನೆ ಹಾಕುತ್ತಿದ್ದೇನೆ.